ಭದ್ರಾವತಿಗೆ ಇನ್ನೊಂದು ಭರವಸೆ ಬೇಡ, ಒಂದು ತಾರೀಖು ಕೊಡಿ

ಮಾನ್ಯ ಕೇಂದ್ರ ಉಕ್ಕು ಸಚಿವರಿಗೆ, ರಾಜ್ಯದ ಕೈಗಾರಿಕಾ ಸಚಿವರಿಗೆ, ನಮ್ಮ ಸಂಸದರಿಗೆ, ಶಾಸಕರಿಗೆ ಮತ್ತು ಭದ್ರಾವತಿ ನಗರಸಭೆಯವರಿಗೆ,

ನಮಸ್ಕಾರ.

ನಮ್ಮ ಊರಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯ ಬಗ್ಗೆ, ಅದನ್ನು ನಂಬಿದ ಊರಿನ ಬಗ್ಗೆ ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಏನಾಗುತ್ತೆ ಅನ್ನೋದು ಈ ಊರಿನ ಎಲ್ಲರಿಗೂ ಗೊತ್ತು. ದಿಲ್ಲಿಯಲ್ಲಿ ಕೇಳಿದರೆ ಅದಿರಿನ ಗಣಿ ರಾಜ್ಯದ ಕೈಯಲ್ಲಿದೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೇಳಿದರೆ ಕಾರ್ಖಾನೆ ಕೇಂದ್ರದ್ದು ಎನ್ನುತ್ತಾರೆ. ಊರಿನ ರಸ್ತೆ, ಚರಂಡಿ, ಬೀದಿ ದೀಪದ ಮಾತು ಬಂದರೆ ಇದು ಕಂಪನಿ ಜಾಗ, ಅದು ನಗರಸಭೆ ಜಾಗ ಎಂಬ ಲೆಕ್ಕ ಶುರುವಾಗುತ್ತೆ. ಹಾಗಾಗಿ ದಯವಿಟ್ಟು ಒಟ್ಟಿಗೆ ಕೂತು ಓದಿ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಕಾರ್ಖಾನೆಯ ಭವಿಷ್ಯ ಬೇರೆ, ಊರಿನ ಭವಿಷ್ಯ ಬೇರೆ ಎಂದು ಒಮ್ಮೆ ಒಪ್ಪಿಕೊಳ್ಳಿ. ಕಾರ್ಖಾನೆ ಏನಾಗುತ್ತೆ ಅನ್ನೋದನ್ನು ತಾರೀಖಿನ ಸಮೇತ ಬರೆದು ಹೇಳಿ. ಅದು ಹೌದಾಗಲಿ, ಇಲ್ಲವಾಗಲಿ, ಊರಿನ ಕೆಲಸವನ್ನು ಮಾತ್ರ ಅದಕ್ಕೆ ಕಾಯದೆ ಇವತ್ತೇ ಶುರು ಮಾಡಿ.

ಈ ಊರು ಹೇಗೆ ಹುಟ್ಟಿತು ಅನ್ನೋದನ್ನು ಸ್ವಲ್ಪ ನೆನಪಿಸುತ್ತೇನೆ, ಯಾಕಂದರೆ ಭಾಷಣಗಳಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರುತ್ತೆ, ಅವರು ಮಾಡಿದ ಕೆಲಸದ ವಿವರ ಬರಲ್ಲ. ಆಗ ಇದು ಬೆಂಕಿಪುರ. ಬಾಬಾಬುಡನ್ ಬೆಟ್ಟಗಳಲ್ಲಿ ಅದಿರು ಇತ್ತು, ಸುತ್ತ ಮಲೆನಾಡಿನ ಕಾಡು, ಪಕ್ಕದಲ್ಲೇ ಭದ್ರಾ ನದಿ, ಶಿವಮೊಗ್ಗಕ್ಕೆ ಹೋಗುವ ರೈಲು ದಾರಿ. ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದಕ್ಕೇ ಸೌದೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸುವ ದಾರಿ ಹಿಡಿದರು. 1918ರಲ್ಲಿ ಮೈಸೂರು ಸಂಸ್ಥಾನ ಕಾರ್ಖಾನೆಯ ಕೆಲಸ ಶುರು ಮಾಡಿತು, 1923ರಲ್ಲಿ ಕುಲುಮೆಯಿಂದ ಬೀಡು ಕಬ್ಬಿಣ ಹೊರಗೆ ಬಂತು. ಬರೀ ಕಬ್ಬಿಣ ಅಲ್ಲ, ಸೌದೆ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಮೆಥನಾಲ್ ಎಲ್ಲ ತೆಗೆದರು. ಆಮೇಲೆ ಉಕ್ಕು ಬಂತು, ಸಿಮೆಂಟ್ ಬಂತು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಊರಿನ ಇನ್ನೊಂದು ಕಡೆ ಇನ್ನೊಂದು ಊರನ್ನೇ ಕಟ್ಟಿತು. ತಮಿಳು, ತೆಲುಗು, ಉರ್ದು, ಕನ್ನಡ ಮಾತಾಡುವವರೆಲ್ಲ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಒಂದೇ ಗೇಟಿನಲ್ಲಿ ಹೊರಗೆ ಬಂದರು. ಊರು ಆಗಿದ್ದೇ ಹಾಗೆ.

ಶುರುವಿನಲ್ಲಿ ಇದೂ ನಷ್ಟದ ಕಾರ್ಖಾನೆಯೇ. ಕಬ್ಬಿಣದ ಬೆಲೆ ಬಿದ್ದುಹೋಗಿತ್ತು, ಖರ್ಚು ಜಾಸ್ತಿ ಆಗಿತ್ತು, ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರು ಆಗಲೂ ಇದ್ದರು. ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಇದ್ದು ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಖರ್ಚು ಎಲ್ಲಿ ಸೋರುತ್ತಿದೆ ಎಂದು ಒಂದೊಂದಾಗಿ ಹುಡುಕಿದರು. ಹೊರಗಿನಿಂದ ಬಂದ ತಜ್ಞರ ಜಾಗಕ್ಕೆ ನಮ್ಮವರನ್ನೇ ತಯಾರು ಮಾಡಿದರು. ಈ ಕೆಲಸಕ್ಕಾಗಿ ತಮಗೆ ಬರಬೇಕಿದ್ದ ಹಣವನ್ನು ಕೈಗೆ ತೆಗೆದುಕೊಳ್ಳದೆ ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆಗೆ ಕೊಟ್ಟರು. ಅದೇ ಇವತ್ತಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಕಬ್ಬಿಣದಿಂದ ಬಂದ ದುಡ್ಡು ಹುಡುಗರ ಕೈಗೆ ಕಸುಬಾಗಿ ಹೋಯಿತು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಮತ್ತೆ ಬೇಕಾಗುತ್ತೆ.

ಈಗ ಕುಸಿತದ ವಿಷಯ. ಒಂದೇ ದಿನ, ಒಂದೇ ಏಟಿಗೆ ಬಿದ್ದ ಊರಲ್ಲ ಇದು. 1989ರಲ್ಲಿ ಉಕ್ಕಿನ ಕಾರ್ಖಾನೆ ರಾಜ್ಯದ ಕೈಯಿಂದ ಕೇಂದ್ರದ ಉಕ್ಕು ಪ್ರಾಧಿಕಾರ, ಅಂದರೆ ಎಸ್‌ಎಐಎಲ್ ಕೈಗೆ ಹೋಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ದೊಡ್ಡ ಮನೆ ಸೇರಿದೆವು, ಇನ್ನು ಚಿಂತೆ ಇಲ್ಲ ಎಂದು ಜನ ನೆಮ್ಮದಿಯಾಗಿದ್ದರು. ಆದರೆ ಭಿಲಾಯಿ, ಬೊಕಾರೊ, ರೂರ್ಕೆಲಾದಂಥ ಕಾರ್ಖಾನೆಗಳಿರುವ ಕಂಪನಿಯಲ್ಲಿ ವರ್ಷಕ್ಕೆ ಲಕ್ಷ ಟನ್ನಿನ ಆಸುಪಾಸು ವಿಶೇಷ ಉಕ್ಕು ಮಾಡುವ ಘಟಕಕ್ಕೆ ಹೂಡಿಕೆಯ ಸರದಿ ಬರುವುದು ಯಾವಾಗ? ಬರಲೇ ಇಲ್ಲ. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿದು ಬರುತ್ತಿದ್ದ ಅದಿರು ನಿಂತುಹೋಯಿತು. ಆ ಬೆಟ್ಟಗಳ ಕಾಡು ಉಳಿಯಬೇಕಿತ್ತು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗಣಿ ನಿಲ್ಲಿಸುವವರು ಬದಲಿ ಗಣಿ ಎಲ್ಲಿ ಎಂದು ಅವತ್ತೇ ಹೇಳಬೇಕಿತ್ತು. ಸ್ವಂತ ಅದಿರಿಲ್ಲದೆ ಮಾರುಕಟ್ಟೆಯಲ್ಲಿ ಕೊಂಡು, ದೂರದಿಂದ ತಂದು, ಹಳೆಯ ಕುಲುಮೆಯಲ್ಲಿ ಕರಗಿಸಿದರೆ, ಅದಿರಿನ ಪಕ್ಕದಲ್ಲೇ ಕೂತು ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕಿ ಉಕ್ಕು ಮಾಡುವ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ಎದುರು ನಿಲ್ಲೋಕೆ ಆಗುತ್ತಾ? ನಷ್ಟ ಬಂತು. ನಷ್ಟ ಬಂತು ಅಂತ ದುಡ್ಡು ಹಾಕಲಿಲ್ಲ. ದುಡ್ಡು ಹಾಕಲಿಲ್ಲ ಅಂತ ಇನ್ನಷ್ಟು ನಷ್ಟ ಬಂತು.

ಇದಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಅದರ ನಂತರದ ವರ್ಷಗಳು. 2016ರಲ್ಲಿ ಮಾರುತ್ತೇವೆ ಎಂದರು. 2019ರಲ್ಲಿ ಕೊಳ್ಳುವವರು ಬನ್ನಿ ಎಂದು ಕರೆದರು. 2022ರ ಕೊನೆಗೆ ಮಾರಾಟ ಕೈಬಿಟ್ಟೆವು ಎಂದರು. 2023ರ ಜನವರಿಯಲ್ಲಿ ಮುಚ್ಚುತ್ತೇವೆ ಎಂದರು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಊರಿಗೆ ಊರೇ ಅವರ ಹಿಂದೆ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು. 2024ರ ಜೂನ್‌ನಲ್ಲಿ ಉಕ್ಕು ಸಚಿವರು ಬಂದು ನೋಡಿ ಹೋದರು, ಆಮೇಲೆ ಸಾವಿರಾರು ಕೋಟಿ ಹೂಡಿಕೆಯ ಮಾತು ಬಂತು. ಪ್ರತಿ ಸಲವೂ ಊರಿನಲ್ಲಿ ಪಟಾಕಿ ಇಲ್ಲವೇ ಧರಣಿ. ಎರಡರ ನಡುವೆ ಬರೀ ಕಾಯುವುದು.

ಕಾಯುವುದು ಅಂದರೆ ಏನು ಅಂತ ದಯವಿಟ್ಟು ಅರ್ಥ ಮಾಡಿಕೊಳ್ಳಿ. ಕಾರ್ಖಾನೆ ಮುಚ್ಚಿದ್ದರೆ ಗುತ್ತಿಗೆ ಕಾರ್ಮಿಕ ಬೇರೆ ಊರಿಗೆ ಹೋಗುತ್ತಿದ್ದ, ಕಷ್ಟಪಟ್ಟು ಅಲ್ಲೇ ಬೇರು ಬಿಡುತ್ತಿದ್ದ. ಪೂರಾ ತೆರೆದಿದ್ದರೆ ಇಲ್ಲೇ ದುಡಿಯುತ್ತಿದ್ದ. ಎರಡೂ ಆಗದೆ ತಿಂಗಳಿಗೆ ಕೆಲವೇ ದಿನ ಕೆಲಸ ಸಿಕ್ಕಿದಾಗ ಅವನು ಊರು ಬಿಡೋಕೂ ಆಗಲ್ಲ, ಇರೋಕೂ ಆಗಲ್ಲ. ಇವತ್ತೋ ನಾಳೆಯೋ ಎಲ್ಲ ಸರಿಹೋದೀತು ಎಂಬ ಆಸೆಯಲ್ಲಿ ಅವನ ನಲವತ್ತರ ವಯಸ್ಸು ಐವತ್ತಾಗುತ್ತೆ. ನಲವತ್ತಕ್ಕೆ ಸಿಗುವ ಕೆಲಸ ಐವತ್ತಕ್ಕೆ ಸಿಗಲ್ಲ. ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ ಊರಿನ ಹೆಸರು ಕೇಳಿಯೇ ಮ್ಯಾನೇಜರ್ ಯೋಚನೆ ಮಾಡುತ್ತಾರೆ. ಮನೆ ರಿಪೇರಿ ಮಾಡಿಸೋಣ ಅಂದರೆ, ಈ ಮನೆ ನಮಗೆ ಉಳಿಯುತ್ತೋ ಇಲ್ಲವೋ ಎಂದು ಹೆಂಡತಿ ಕೇಳುತ್ತಾಳೆ. ಹೋಟೆಲ್ ಇಡಬೇಕು ಅಂದುಕೊಂಡವನು ಕಾರ್ಖಾನೆ ಸುದ್ದಿ ಬರಲಿ ತಡಿ ಅಂತಾನೆ. ಇಡೀ ಊರು ಹೀಗೆ ಕೈಕಟ್ಟಿ ನಿಂತಿದೆ. 2001ರ ಜನಗಣತಿಯಲ್ಲಿ ಭದ್ರಾವತಿಯಲ್ಲಿ 1 ಲಕ್ಷ 60 ಸಾವಿರದಷ್ಟು ಜನ ಇದ್ದರು. 2011ಕ್ಕೆ 1 ಲಕ್ಷ 51 ಸಾವಿರದ ಆಸುಪಾಸಿಗೆ ಇಳಿಯಿತು. ರಾಜ್ಯದ ಬಹುತೇಕ ಊರುಗಳು ಉಬ್ಬುತ್ತಿದ್ದ ಹತ್ತು ವರ್ಷಗಳಲ್ಲಿ ಇಲ್ಲಿ ಜನ ಕಡಿಮೆಯಾದರು.

ಕಾಗದ ಕಾರ್ಖಾನೆಯ ಕಥೆ ಇನ್ನೂ ಬೇಗ ಮುಗಿಯಿತು. ಪತ್ರಿಕಾ ಕಾಗದ ಹೊರದೇಶದಿಂದ ಅಗ್ಗಕ್ಕೆ ಬಂತು, ಎಂಪಿಎಂ ಯಂತ್ರಗಳು ಹಳೆಯವಾದವು, ಸಾಲ ಬೆಳೆಯಿತು, 2015ರಲ್ಲಿ ಯಂತ್ರ ನಿಂತಿತು. ಅದರ ಜೊತೆಗಿದ್ದ ಸಕ್ಕರೆ ಘಟಕವೂ ನಿಂತಿತು. ಅದನ್ನು ನಂಬಿ ಕಬ್ಬು ಹಾಕಿದ್ದ ರೈತರು ಅಡಿಕೆಗೆ ತಿರುಗಿದರು. ಇವತ್ತು ಪೇಪರ್ ಟೌನ್ ಒಳಗೆ ಒಂದು ಸುತ್ತು ಹಾಕಿ. ಕ್ವಾರ್ಟರ್ಸ್ ಬಾಗಿಲಿಗೆ ಬೀಗ ಇದೆ, ಆದರೆ ಕಿಟಕಿಯ ಚೌಕಟ್ಟೇ ಇಲ್ಲ. ಹೆಂಚು ಜಾರಿದ ಜಾಗದಲ್ಲಿ ಮಳೆ ನೇರ ಒಳಗೆ ಬಿದ್ದು ಗೋಡೆ ಪಾಚಿಗಟ್ಟಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಗಿಡ ಬೆಳೆದಿದೆ. ಪಕ್ಕದ ಮನೆಯಲ್ಲಿ ಇನ್ನೂ ಒಂದು ಕುಟುಂಬ ಇದೆ, ಅಂಗಳ ಗುಡಿಸಿ ರಂಗೋಲಿ ಹಾಕಿದ್ದಾರೆ. ಸಂಜೆಯಾದ ಮೇಲೆ ಅವರ ಮನೆಯ ಹೆಣ್ಣುಮಕ್ಕಳು ಆ ಬೀದಿಯಲ್ಲಿ ಒಬ್ಬರೇ ನಡೆಯೋಕೆ ಹೆದರುತ್ತಾರೆ. ಖಾಲಿ ಮನೆ ಅಂದರೆ ಖಾಲಿ ಮನೆ ಮಾತ್ರ ಅಲ್ಲ, ಪಕ್ಕದ ಮನೆಯವರ ಬದುಕೂ ಅದರ ಜೊತೆ ಕುಸಿಯುತ್ತೆ.

ಕಾರ್ಖಾನೆ ನಿಂತರೂ ಅದಕ್ಕೆಂದು ಕೊಟ್ಟ ಅರಣ್ಯ ಭೂಮಿಯ ಗುತ್ತಿಗೆ ನಿಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. ಮಲೆನಾಡಿನಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಅಕೇಶಿಯಾ, ನೀಲಗಿರಿ ಬೆಳೆದಿದ್ದರು. 2020ರಲ್ಲಿ 40 ವರ್ಷದ ಗುತ್ತಿಗೆ ಮುಗಿದಾಗ, ಕಾಗದವೇ ಮಾಡದ ಕಾರ್ಖಾನೆಯ ಹೆಸರಿಗೆ ಮತ್ತೆ 40 ವರ್ಷ ಕೊಟ್ಟರು. ಮಲೆನಾಡಿನ ಜನ ಬೀದಿಗಿಳಿದಿದ್ದು ಸರಿಯಾಗಿಯೇ ಇತ್ತು. ಕೆಲಸ ಕಳೆದುಕೊಂಡವನಿಗೆ ನಾಲ್ಕು ತಿಂಗಳ ಖಾತ್ರಿ ಇಲ್ಲ, ಮರಕ್ಕೆ 40 ವರ್ಷದ ಖಾತ್ರಿ. ಇಂಥ ತೀರ್ಮಾನಗಳನ್ನು ಭದ್ರಾವತಿಯ ಜನರ ಹೆಸರಿನಲ್ಲಿ ಮಾಡಬೇಡಿ.

ತಾರೀಖು ಕೊಡಿ ಎಂದು ಕೇಳುತ್ತಿರುವುದು ಯಾಕೆ ಅಂದರೆ, ಅದನ್ನು ಕೊಟ್ಟ ದೇಶ ಇದೆ, ಕೊಡದ ಊರು ನಮ್ಮ ರಾಜ್ಯದಲ್ಲೇ ಇದೆ. ಜರ್ಮನಿಯ ರೂರ್ ಪ್ರದೇಶ ಕಲ್ಲಿದ್ದಲು, ಉಕ್ಕಿನ ನಾಡು. ಕಲ್ಲಿದ್ದಲು ಗಣಿಗಳನ್ನು ಪೂರ್ತಿ ನಿಲ್ಲಿಸುವುದು ಎಂದು 2007ರಲ್ಲಿ ಸರ್ಕಾರ, ಕಂಪನಿ, ಕಾರ್ಮಿಕ ಸಂಘ ಕೂತು ಒಪ್ಪಿಕೊಂಡವು. ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ನಡುವೆ ಹನ್ನೊಂದು ವರ್ಷ. ವಯಸ್ಸಾದವರು ನಿವೃತ್ತಿಯಾದರು, ಚಿಕ್ಕವರು ಬೇರೆ ಕಸುಬು ಕಲಿತರು, ಯಾರನ್ನೂ ಇದ್ದಕ್ಕಿದ್ದಂತೆ ಬೀದಿಗೆ ಹಾಕಲಿಲ್ಲ. ಅಲ್ಲಿನ ಊರುಗಳಲ್ಲಿ ಇವತ್ತಿಗೂ ನಿರುದ್ಯೋಗ ಇದೆ, ಎಲ್ಲ ಸುಖವಾಗಿದೆ ಅಂತ ನಾನು ಹೇಳಲ್ಲ. ಆದರೆ ಜನರಿಗೆ ತಮ್ಮ ಮುಂದೆ ಏನಿದೆ ಅನ್ನೋದು ಗೊತ್ತಿತ್ತು.

ನಮ್ಮ ಕೆಜಿಎಫ್ ನೋಡಿ. 120 ವರ್ಷ ಚಿನ್ನ ಕೊಟ್ಟ ಊರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆಸಿಕೊಂಡ ಊರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ಏನು ಎಂಬ ಯೋಜನೆ ಯಾರ ಹತ್ತಿರವೂ ಇರಲಿಲ್ಲ. ಊರಿಗೆ ಉಳಿದಿದ್ದು ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ಗುಡ್ಡಗಳು ಮತ್ತು ಬೆಂಗಳೂರಿನ ರೈಲು. ಬೆಳಿಗ್ಗೆ ಕತ್ತಲಲ್ಲಿ ಹತ್ತಿ ರಾತ್ರಿ ಕತ್ತಲಲ್ಲಿ ಇಳಿಯುವ ಸಾವಿರಾರು ಜನ ಆ ಊರನ್ನು ಹೊತ್ತುಕೊಂಡಿದ್ದಾರೆ. ಯಾವ ಸರ್ಕಾರವೂ ಅಲ್ಲ, ಅವರು. ಗಾಳಿ ಬಂದರೆ ಆ ಗುಡ್ಡದ ಬಿಳಿ ಧೂಳು ಮನೆಯೊಳಗೆ ಬರುತ್ತೆ. ಎರಡು ದಶಕ ಕಳೆದ ಮೇಲೆ ಈಗ ಆ ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಮಾತು, ಕೈಗಾರಿಕಾ ಪಟ್ಟಣದ ಮಾತು ನಡೆಯುತ್ತಿದೆ. ಒಂದು ತಲೆಮಾರು ಅಷ್ಟರಲ್ಲಿ ಕಳೆದುಹೋಯಿತು. ಭದ್ರಾವತಿಗೆ ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿ ಬೆಂಗಳೂರಿನಂಥ ದೊಡ್ಡ ಊರು ಕೂಡ ಇಲ್ಲ ಅನ್ನೋದನ್ನು ಗಮನದಲ್ಲಿಡಿ.

ಇನ್ನು ಕಾರ್ಖಾನೆಯ ಬಗ್ಗೆ ನೇರವಾಗಿ. ಉಕ್ಕು ಸಚಿವರೇ, ನೀವು ಪುನಶ್ಚೇತನ ಅಂದಾಗ ಖುಷಿಯಾಗುತ್ತೆ. ಆದರೆ ನಾಲ್ಕು ವಿಷಯ ಕಾಗದದಲ್ಲಿ ಬೇಕು: ಅದಿರು ಯಾವ ಗಣಿಯದು, ಕುಲುಮೆ ಯಾವ ಬಗೆಯದು, ಮಾಲು ಕೊಳ್ಳುವವರು ಯಾರು, ಮೊದಲ ಕಂತಿನ ದುಡ್ಡು ಯಾವ ಬಜೆಟ್‌ನಲ್ಲಿದೆ. ಇವಿಲ್ಲದೆ ಕೋಟಿಗಳ ಲೆಕ್ಕ ಹೇಳಬೇಡಿ. ಟನ್ನಿನ ಲೆಕ್ಕದಲ್ಲಿ ಭದ್ರಾವತಿ ಯಾರ ಜೊತೆಗೂ ಪೈಪೋಟಿ ಮಾಡಲಾರದು ಎಂಬುದು ನನ್ನ ಅಭಿಪ್ರಾಯ. ಅದರ ಶಕ್ತಿ ಇದ್ದದ್ದು ರೈಲ್ವೆಗೆ, ವಾಹನಗಳಿಗೆ, ರಕ್ಷಣಾ ಇಲಾಖೆಗೆ ಬೇಕಾದ ವಿಶೇಷ ಉಕ್ಕಿನಲ್ಲಿ, ಕಾದ ಉಕ್ಕನ್ನು ಬಡಿದು ರೂಪ ಕೊಡುವ ಫೋರ್ಜ್ ಕೆಲಸದಲ್ಲಿ, ಕೈಯ ನಾಜೂಕಿನಲ್ಲಿ. ಗುಜರಿ ಕರಗಿಸುವ ವಿದ್ಯುತ್ ಕುಲುಮೆಯಾದರೆ ಅದಿರಿನ ಜಗಳವೂ ಅರ್ಧ ಕಡಿಮೆ ಆಗುತ್ತೆ. ಇದಕ್ಕಿಂತ ಒಳ್ಳೆಯ ದಾರಿ ನಿಮ್ಮ ಎಂಜಿನಿಯರ್‌ಗಳಿಗೆ ಗೊತ್ತಿದ್ದರೆ ಅದನ್ನೇ ಹೇಳಿ, ಒಪ್ಪುತ್ತೇವೆ. ಆಗಲ್ಲ ಅನ್ನೋದಾದರೆ ಅದನ್ನೂ ಹೇಳಿ. ಅಳುತ್ತೇವೆ, ಜಗಳ ಮಾಡುತ್ತೇವೆ, ಆದರೆ ಮರುದಿನ ಎದ್ದು ಬೇರೆ ಕೆಲಸ ನೋಡುತ್ತೇವೆ.

ಕೈಯ ನಾಜೂಕು ಎಂದೆ. ಅದು ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಒಂದು ಚಿಕ್ಕ ಲೇತ್ ಶಾಪ್‌ನಲ್ಲಿ ನಿವೃತ್ತರಾದ ಹಿರಿಯರೊಬ್ಬರು ಕೂರುತ್ತಾರೆ. ಯಾರಾದರೂ ಗುರುತಿಲ್ಲದ ಉಕ್ಕಿನ ತುಂಡು ತಂದರೆ ಅದನ್ನು ಗ್ರೈಂಡಿಂಗ್ ಚಕ್ರಕ್ಕೆ ಮೆಲ್ಲಗೆ ಹಿಡಿಯುತ್ತಾರೆ. ಹಿಂದೆ ಕತ್ತಲು ಇರಬೇಕು, ಅದಕ್ಕೆ ಬಾಗಿಲು ಅರ್ಧ ಮುಚ್ಚಿಸುತ್ತಾರೆ. ಕಿಡಿ ಉದ್ದಕ್ಕೆ ಗೆರೆಯಾಗಿ ಹೋಗಿ ಅಲ್ಲೊಂದು ಇಲ್ಲೊಂದು ಕವಲೊಡೆದರೆ ಇಂಗಾಲ ಕಡಿಮೆ, ಮೆತ್ತನೆಯ ಉಕ್ಕು. ಚಕ್ರದ ಹತ್ತಿರವೇ ನಕ್ಷತ್ರದ ಹಾಗೆ ಒತ್ತೊತ್ತಾಗಿ ಸಿಡಿದರೆ ಇಂಗಾಲ ಜಾಸ್ತಿ. ಕಿಡಿಯ ಬಣ್ಣ ಕೆಂಪಗೆ ಮಂಕಾಗಿ ಕಂಡರೆ ಒಳಗೆ ಬೇರೆ ಲೋಹ ಸೇರಿದೆ ಎಂಬ ಅನುಮಾನ. ನೋಡಿ, ಒಂದು ಕ್ಷಣ ಯೋಚಿಸಿ, ಇದು ಆಕ್ಸಲ್‌ಗೆ ಆಗುತ್ತೆ, ಸ್ಪ್ರಿಂಗ್‌ಗೆ ಆಗಲ್ಲ ಅಂತಾರೆ. ಪಕ್ಕದಲ್ಲಿ ನಿಂತ ಐಟಿಐ ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾನೆ. ಇಂಥವರು ಈ ಊರಿನಲ್ಲಿ ಇನ್ನೂ ನೂರಾರು ಜನ ಇದ್ದಾರೆ: ಅಚ್ಚು ಮಾಡುವವರು, ಟರ್ನರ್‌ಗಳು, ಫಿಟ್ಟರ್‌ಗಳು, ಕಾದ ಕಬ್ಬಿಣದ ಬಣ್ಣ ನೋಡಿಯೇ ಬಿಸಿ ಎಷ್ಟು ಎಂದು ಹೇಳುವವರು. ಕಾರ್ಖಾನೆಯ ಯಂತ್ರ ಹಳೆಯದಾಗಿರಬಹುದು, ಬದಲಾಯಿಸಬಹುದು. ಈ ಜನ ಹೋದರೆ ಯಾವ ಟೆಂಡರ್ ಕರೆದರೂ ವಾಪಸ್ ಸಿಗಲ್ಲ.

ಹಾಗಾಗಿ ಮೊದಲ ಕೆಲಸ ಇದು ಅಂತ ನನ್ನ ಲೆಕ್ಕ. ಕಾರ್ಖಾನೆಯ ಒಂದು ಶಾಪ್ ಅನ್ನು, ಯಂತ್ರಗಳ ಸಮೇತ, ಕಸುಬು ಕಲಿಸುವ ಕೇಂದ್ರ ಮಾಡಿ. ನಿವೃತ್ತರನ್ನು ಗೌರವದಿಂದ, ಸಂಬಳ ಕೊಟ್ಟು ಕರೆಯಿರಿ. ಶಿವಮೊಗ್ಗದ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇದೆ. ಶಿವಮೊಗ್ಗದ ಸುತ್ತ ಫೌಂಡ್ರಿಗಳು, ಮಶೀನಿಂಗ್ ಘಟಕಗಳಿವೆ, ಅವರಿಗೆ ಕಸುಬು ಗೊತ್ತಿರುವ ಹುಡುಗರು ಬೇಕು. ಅವರನ್ನು ಕೂರಿಸಿಕೊಂಡು ಏನು ಕಲಿಸಬೇಕು ಎಂದು ಕೇಳಿ. ವಿಶ್ವೇಶ್ವರಯ್ಯನವರು ಇಲ್ಲಿಂದ ಬಂದ ತಮ್ಮ ಹಣದಲ್ಲಿ ಬೆಂಗಳೂರಿಗೆ ಒಂದು ಕಸುಬಿನ ಶಾಲೆ ಕೊಟ್ಟರು ಎಂದೆನಲ್ಲ, ನೂರು ವರ್ಷ ದುಡಿದ ಈ ಊರಿಗೆ ಅಂಥದ್ದೊಂದು ವಾಪಸ್ ಬರಲಿ. ಇದಕ್ಕೆ ಅದಿರು ಬೇಡ, ಹೂಡಿಕೆದಾರ ಬೇಡ, ಸಂಪುಟದ ತೀರ್ಮಾನಕ್ಕೆ ವರ್ಷ ಕಾಯಬೇಕಿಲ್ಲ.

ಈ ಮಾತು ಬಂದಾಗ ಎಲ್ಲರೂ ಗಂಡಸರ ಕೆಲಸದ ಬಗ್ಗೆ ಮಾತ್ರ ಯೋಚಿಸುತ್ತಾರೆ. ಇವತ್ತು ಭದ್ರಾವತಿಯ ಎಷ್ಟೋ ಮನೆಗಳು ನಡೆಯುತ್ತಿರುವುದು ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಂಗಸರ ಸಂಬಳದಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಖಾಯಂ ಆಗಿದ್ದ, ಮಗ ಗುತ್ತಿಗೆಯಲ್ಲಿದ್ದ, ಸೊಸೆ ಈಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ಅವಳಿಗೆ ಬೇಕಾಗಿರುವುದು ಬಸ್ಸು, ಮಗುವನ್ನು ಬಿಡೋಕೆ ಒಂದು ಜಾಗ, ರಾತ್ರಿ ದೀಪ ಇರುವ ರಸ್ತೆ. ಊರಿನ ಪುನಶ್ಚೇತನದ ಯಾವ ವರದಿಯಲ್ಲಾದರೂ ಈ ಮೂರು ಇವೆಯಾ? ಕಸುಬಿನ ಕೇಂದ್ರ ಮಾಡಿದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮುಂದೆ ಅವಳಿಗೂ ಜಾಗ ಇರಲಿ. ಅಲ್ಲಿ ಬೇಕಾಗಿರುವುದು ತೋಳ್ಬಲ ಅಲ್ಲ, ಲೆಕ್ಕ ಮತ್ತು ಗಮನ.

ಜಾಗದ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಭಯ ಇರುವುದು ಇಲ್ಲೇ. ಎರಡೂ ಕಾರ್ಖಾನೆಗಳ ಕೈಯಲ್ಲಿ ಊರಿನ ಮಧ್ಯೆ ನೂರಾರು ಎಕರೆ ಇದೆ. ಪಕ್ಕದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಜಮೀನಿನ ಬೆಲೆ ಏರುತ್ತಿದೆ. ಮುಂಬೈಯ ಗಿರಣಗಾಂವ್‌ನಲ್ಲಿ ಏನಾಯಿತು ನೋಡಿ. 1982ರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರಲ್ಲಿ ಒಳ್ಳೆಯ ನಿಯಮ ಬಂತು: ಗಿರಣಿ ಜಾಗದ ಮೂರನೇ ಒಂದು ಪಾಲು ಉದ್ಯಾನ, ಆಟದ ಬಯಲಿಗೆ, ಇನ್ನೊಂದು ಪಾಲು ಜನಸಾಮಾನ್ಯರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ನಿಯಮ ತಿದ್ದಿದರು. ಪೂರ್ತಿ ಜಾಗಕ್ಕೆ ಅನ್ವಯಿಸುತ್ತಿದ್ದದ್ದು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಒಪ್ಪಿತು. ಹೆಚ್ಚಿನ ಜಾಗದಲ್ಲಿ ಮಾಲ್, ಗೋಪುರದಂಥ ಅಪಾರ್ಟ್‌ಮೆಂಟ್‌ಗಳು ಎದ್ದವು. ಒಂದು ಸಾಲಿನ ತಿದ್ದುಪಡಿ ಊರಿನ ಮಧ್ಯದ ಜಾಗವನ್ನು ಜನರ ಕೈಯಿಂದ ತೆಗೆದುಕೊಂಡಿತು.

ಭದ್ರಾವತಿಯಲ್ಲಿ ಹಾಗಾಗಬಾರದು. ಯಾವ ಸರ್ವೆ ನಂಬರ್ ಯಾರ ಹೆಸರಲ್ಲಿದೆ, ಯಾವುದು ರಾಜ್ಯ ಕಾರ್ಖಾನೆಗೆಂದು ಕೊಟ್ಟದ್ದು, ಯಾವುದು ವಾಪಸ್ ಬರಬೇಕು ಎಂಬ ಪಟ್ಟಿಯನ್ನು ನಗರಸಭೆಯ ಗೋಡೆಗೆ ಹಚ್ಚಿ. ಒಂದು ಗುಂಟೆ ಮಾರುವ ಮೊದಲೂ ಊರಿನವರನ್ನು ಕರೆದು ಕೇಳಿ. 2021ರಲ್ಲಿ ಇಲ್ಲಿ ಗಲಭೆ ತಡೆಯುವ ಕೇಂದ್ರದ ಪೊಲೀಸ್ ಪಡೆಯಾದ ಕ್ಷಿಪ್ರ ಕಾರ್ಯಪಡೆಯ ಕೇಂದ್ರಕ್ಕೆ ಶಂಕುಸ್ಥಾಪನೆ ಆಯಿತು, ಒಳ್ಳೆಯದೇ, ನಾಲ್ಕು ಅಂಗಡಿಗೆ ವ್ಯಾಪಾರ ಆಗುತ್ತೆ. ಆದರೆ ಟರ್ನರ್‌ಗೆ ಅಲ್ಲಿ ಕೆಲಸ ಇಲ್ಲ ಅಲ್ವಾ? ಯಾವ ಯೋಜನೆ ತಂದರೂ ಇಲ್ಲಿನ ಕೈಗಳಿಗೆ ಎಷ್ಟು ಕೆಲಸ ಎಂಬ ಲೆಕ್ಕ ಜೊತೆಗೆ ತನ್ನಿ.

ಕ್ವಾರ್ಟರ್ಸ್ ಮನೆಗಳಲ್ಲಿ ಇರುವ ನಿವೃತ್ತರಿಗೆ, ಅವರ ವಿಧವೆಯರಿಗೆ ಒಂದು ಖಚಿತ ಕಾಗದ ಕೊಡಿ. ದೀರ್ಘ ಗುತ್ತಿಗೆಯೋ, ಹಕ್ಕುಪತ್ರವೋ, ಏನಾದರೂ ಒಂದು. ಮನೆ ತಮ್ಮದು ಎಂದು ಗೊತ್ತಾದ ದಿನವೇ ಜನ ಹೆಂಚು ಬದಲಾಯಿಸುತ್ತಾರೆ, ಸರ್ಕಾರ ದುಡ್ಡು ಕೊಡಬೇಕಾಗಿಲ್ಲ. ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಉಳಿಸಬೇಕಾದದ್ದು ಯಾವುದು ಎಂದು ಪಟ್ಟಿ ಮಾಡಿ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಆರಿದ ಕುಲುಮೆಯನ್ನು ಕೆಡವದೆ ಉದ್ಯಾನ ಮಾಡಿ 1994ರಲ್ಲಿ ಜನರಿಗೆ ತೆರೆದರು, ಇವತ್ತು ಮಕ್ಕಳು ಅದರ ಮೆಟ್ಟಿಲು ಹತ್ತಿ ಊರು ನೋಡುತ್ತಾರೆ. ಬರೀ ಮ್ಯೂಸಿಯಂನಿಂದ ಹೊಟ್ಟೆ ತುಂಬಲ್ಲ, ಗೊತ್ತು. ಆದರೆ ತಾತ ಏನು ಕೆಲಸ ಮಾಡುತ್ತಿದ್ದ ಅಂತ ಮೊಮ್ಮಗಳಿಗೆ ತೋರಿಸೋಕೆ ಒಂದು ಜಾಗ ಬೇಕು.

ಆಗುತ್ತಾ ಇದೆಲ್ಲ ಅಂತ ಕೇಳುವವರಿಗೆ ಪಕ್ಕದ ದಾವಣಗೆರೆ ತೋರಿಸುತ್ತೇನೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹತ್ತಿ ಗಿರಣಿಗಳು ಮುಚ್ಚಿದವು, ಕಾರ್ಮಿಕರ ಮನೆಗಳಲ್ಲಿ ಬಹಳ ಕಷ್ಟ ಕಂಡರು. ಆದರೆ ಗಿರಣಿಗಳು ಇನ್ನೂ ಓಡುತ್ತಿದ್ದಾಗಲೇ, 1965ರಲ್ಲಿ ಮೆಡಿಕಲ್ ಕಾಲೇಜು ಬಂದಿತ್ತು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂತು. ಆಸ್ಪತ್ರೆ, ಹಾಸ್ಟೆಲ್, ಮೆಸ್, ಪುಸ್ತಕದಂಗಡಿ, ಬಾಡಿಗೆ ಮನೆ ಎಲ್ಲ ಅದರ ಸುತ್ತ ಬೆಳೆದವು. ಗಿರಣಿಯ ಕೆಲಸ ಕಳೆದುಕೊಂಡವನಿಗೇ ಆ ಕೆಲಸ ಸಿಕ್ಕಿತು ಎನ್ನಲಾರೆ, ಬಹಳ ಸಲ ಸಿಗಲಿಲ್ಲ, ಆ ಅನ್ಯಾಯ ಹಾಗೇ ಇದೆ. ಊರು ಮಾತ್ರ ಉಳಿಯಿತು. ಒಂದು ಕಾಲು ಹೋಗುವ ಮೊದಲೇ ಇನ್ನೊಂದು ಕಾಲು ಊರಿತ್ತು. ಭದ್ರಾವತಿಗೆ ಅದನ್ನು ಯಾರೂ ಮಾಡಲಿಲ್ಲ. ಉಕ್ಕು, ಕಾಗದ ಎರಡನ್ನೇ ನಂಬಿ ಕೂರಿಸಿದರು, ಎರಡೂ ಒಂದೇ ಕಾಲಕ್ಕೆ ಕೈಕೊಟ್ಟವು.

ಊರಿನ ಜನರಿಗೂ ಒಂದು ಮಾತು. ಗೇಟಿನ ಮುಂದೆ ಕೂತವರ ಜೊತೆ ನಿಂತಿದ್ದೀರಿ, ಅದಕ್ಕೇ 2023ರಲ್ಲಿ ಬೀಗ ಬೀಳಲಿಲ್ಲ. ಆದರೆ ಚುನಾವಣೆ ಬಂದಾಗ ಕಾರ್ಖಾನೆ ತೆರೆಸುತ್ತೇನೆ ಎಂಬ ಒಂದೇ ಮಾತಿಗೆ ಚಪ್ಪಾಳೆ ಹೊಡೆಯುವುದು ಸಾಕು. ಗಣಿ ಯಾವುದು, ದುಡ್ಡು ಎಲ್ಲಿ, ಮನೆಯ ಕಾಗದ ಯಾವಾಗ ಎಂದು ಅಲ್ಲೇ ಎದ್ದು ನಿಂತು ಕೇಳಿ.

ಮಾನ್ಯರೇ, ಒಂದು ಸಭೆ ಕರೆಯಿರಿ. ದಿಲ್ಲಿಯಲ್ಲೂ ಬೇಡ, ವಿಧಾನಸೌಧದಲ್ಲೂ ಬೇಡ, ಭದ್ರಾವತಿಯಲ್ಲೇ, ಪಾಳಿ ಮುಗಿಸಿ ಬರುವವರಿಗೂ ಗಾರ್ಮೆಂಟ್ಸ್ ಬಸ್ಸಿನಿಂದ ಇಳಿಯುವವರಿಗೂ ಆಗುವ ಹಾಗೆ ಸಂಜೆ ಹೊತ್ತಿನಲ್ಲಿ. ಕೇಂದ್ರದವರು, ರಾಜ್ಯದವರು, ನಗರಸಭೆಯವರು ಒಂದೇ ವೇದಿಕೆಯಲ್ಲಿ ಕೂರಬೇಕು, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಅವರು ಅಲ್ಲೇ ಉತ್ತರ ಕೊಡುವ ಹಾಗೆ. ಕಾರ್ಖಾನೆಯ ತೀರ್ಮಾನದ ತಾರೀಖು, ಜಾಗದ ಪಟ್ಟಿ, ಮನೆಗಳ ಕಾಗದದ ಕರಡು, ಕಸುಬಿನ ಕೇಂದ್ರಕ್ಕೆ ಯಾವ ಶಾಪ್ ಎಂಬ ಆದೇಶ, ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತನ್ನಿ. ಹಾರ, ಶಾಲು ಏನೂ ಬೇಡ. ಮೈಕು, ಕುರ್ಚಿ, ನೀರಿನ ವ್ಯವಸ್ಥೆ ನಾವು ಮಾಡುತ್ತೇವೆ.

ಇಂತಿ,
ಭದ್ರಾವತಿಯ ಒಬ್ಬ ನಿವಾಸಿ